ಏಳನೆಯವನು ಎಲ್ಲಿ?

"ಕೈ ತೊಳ್ಕೊಂಡು ಬಂದೋರಿಗೆ ಮಾತ್ರ ಬುಕ್ಕು!" ಎಂದು ಪೆರುಮಾಳ್ ಕೂಗಿದ.

ಐದನೇ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ನಲ್ಲಿಯ ಹತ್ತಿರ ಓಡಿದರು. ಮುನಿರತ್ನ ಓಡಲಿಲ್ಲ. ಬೇಕಂತಲೇ ನಿಧಾನವಾಗಿ ನಡೆದು ಹೋಗಿ, ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ಬಂದಳು.

"ನಿಂದು ಇನ್ನೂ ಒದ್ದೆ ಐತೆ. ಆಮೇಲೆ ಬಾ," ಎಂದ ಪೆರುಮಾಳ್.

"ಯಾರಿಗ್ ಬೇಕ್ಲಾ ನಿನ್ ಬುಕ್ಕು!"

ಆದರೆ ಅವಳಿಗೆ ಬೇಕಾಗಿತ್ತು. ತುಂಬಾ ಬೇಕಾಗಿತ್ತು.

ಪೆರುಮಾಳನ ಅಪ್ಪ ಕುಪ್ಪುಸ್ವಾಮಿ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ. ಊರಿನ ಚಿನ್ನದ ಗಣಿಯನ್ನು ಸರ್ಕಾರ ತೆಗೆದುಕೊಂಡ ಮೇಲೆ ದೊರೆ ತಮ್ಮ ದೇಶಕ್ಕೆ ಹೊರಟರು. ಹೋಗುವಾಗ ಈ ದಪ್ಪ ಕತೆಪುಸ್ತಕ ಕೊಟ್ಟುಹೋದರು. ಅದರಲ್ಲಿ ಭೂಮಿಯ ಮೇಲೆ ದೊಡ್ಡ ಬಾಂಬು ಬಿದ್ದು, ಉಳಿದವರು ರಾಕೆಟ್ ಹತ್ತಿ ಕೆಂಪು ಗ್ರಹಕ್ಕೆ ಹೋಗುತ್ತಾರೆ. ಅಲ್ಲಿ ಉಸಿರಾಡಲು ಗಾಳಿ ಇಲ್ಲ. ಅದಕ್ಕೇ ನೆಲದೊಳಗೆ ಊರು ಕಟ್ಟುತ್ತಾರೆ. ಬರೆದದ್ದೆಲ್ಲ ಇಂಗ್ಲಿಷು. ಕೋದಂಡಪ್ಪ ಮೇಷ್ಟ್ರು ದಿನಾ ಕೊನೇ ಪೀರಿಯಡ್ಡಿನಲ್ಲಿ ಒಂದಿಷ್ಟು ಓದಿ, ಕನ್ನಡದಲ್ಲಿ ಹೇಳುತ್ತಿದ್ದರು. ಭೂಮಿಯನ್ನು ಸುತ್ತಲೆಂದು ರಷ್ಯಾದವರು ಆಕಾಶಕ್ಕೆ ಮೊದಲ ಗೋಳ ಹಾರಿಸಿದ ತಿಂಗಳು ಅದು. "ಇದೆಲ್ಲ ಬರೀ ಕತೆ ಅಂತಿದ್ದೆ. ಇನ್ನು ಹಾಗನ್ನೋ ಹಾಗಿಲ್ಲ," ಎಂದಿದ್ದರು ಮೇಷ್ಟ್ರು.

ಪುಸ್ತಕ ಬರುವುದಕ್ಕೆ ಮೊದಲು ಎಲ್ಲರೂ ಮುನಿರತ್ನಳ ಸುತ್ತ ಕೂರುತ್ತಿದ್ದರು. ಅವಳ ಅಪ್ಪ ಚಿಕ್ಕಮುನಿಯಪ್ಪ ನಂದಿದುರ್ಗ ಗಣಿಯ ತಳದಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಬಂಡೆ ಮುಟ್ಟಿದರೆ ಸುಡುವುದನ್ನು, ಒಮ್ಮೊಮ್ಮೆ ಅದು ಸಿಡಿಲಿನಂತೆ ಸಿಡಿಯುವುದನ್ನು ಅವಳು ಕೈಯಾಡಿಸಿ ಹೇಳುತ್ತಿದ್ದಳು. ಮೊನ್ನೆ ಹೇಳಹೋದಾಗ ಗೆಳತಿ ಅನಸೂಯ, "ಅದು ಗೊತ್ತಿರೋದೇ, ಬಿಡೇ," ಎಂದುಬಿಟ್ಟಳು.

ಶನಿವಾರ ಸ್ಕೂಲು ಬಿಟ್ಟಾಗ ಪೆರುಮಾಳ್ ನೀರು ಕುಡಿಯಲು ಹೋದ. ಟವಲಿನಲ್ಲಿ ಸುತ್ತಿದ ಪುಸ್ತಕ ಬೆಂಚಿನ ಮೇಲಿತ್ತು. ಸುತ್ತ ಯಾರೂ ಇರಲಿಲ್ಲ. ಮುನಿರತ್ನ ಅದನ್ನು ತನ್ನ ಚೀಲಕ್ಕೆ ತುರುಕಿಕೊಂಡು ಮನೆಯವರೆಗೂ ಓಡಿದಳು.

ಮನೆಯಲ್ಲಿ ಒಂದೊಂದೇ ಚಿತ್ರ ನೋಡಿದಳು. ಇಷ್ಟು ದಿನ ಕಾದಿದ್ದು ಇದಕ್ಕೇ. ಆದರೆ "ಇಲ್ಲಿ ನೋಡು!" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದೇಬಿಟ್ಟ.

"ಬಿಲ್ಲೆ ಆಕಿದ್ಯೇನಪ್ಪಾ?" ಎಂದು ಅವಳು ದಿನದಂತೆ ಕೇಳಿದಳು. ಗಣಿಗೆ ಇಳಿಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದಮೇಲೆ ಹಲಗೆಯ ಮೊಳೆಗೆ ತಿರುಗಿ ಹಾಕಬೇಕು. ಮೊಳೆ ಖಾಲಿ ಇದ್ದರೆ ಒಬ್ಬರು ಇನ್ನೂ ಕೆಳಗೇ ಇದ್ದಾರೆ ಎಂದರ್ಥ.

"ಆಕ್ದೆ ಕಣಮ್ಮ. ಅದೇನು ಬುಕ್ಕು?"

"ಸ್ಕೂಲ್ದು." ಅವಳ ಕಿವಿ ಬಿಸಿಯಾಯಿತು.

ಅಪ್ಪ ಕೈ ತೊಳೆದು ಬಂದು ಪುಸ್ತಕ ತೆರೆದ. ಗಾಜಿನ ಟೋಪಿ ಹಾಕಿಕೊಂಡವರು ತೊಟ್ಟಿಲಿನಂಥದ್ದರಲ್ಲಿ ನಿಂತು ಬಾವಿಯೊಳಗೆ ಇಳಿಯುತ್ತಿದ್ದ ಚಿತ್ರ ಸಿಕ್ಕಿತು. ಅಪ್ಪನ ಮುಖ ಅರಳಿತು.

"ಯಾವ ಮೈನ್ಸೋರಮ್ಮ ಇವರು? ಬಿಲ್ಲೆ ಅಲಗೇನೇ ಕಾಣಲ್ವಲ್ಲ!" ಬೆರಳಿಟ್ಟು ಎಣಿಸಿದ. "ಏಳು ಜನ ಇಳೀತಾವ್ರೆ." ನಾಲ್ಕು ಹಾಳೆ ತಿರುವಿದ. ಮತ್ತೆ ಎಣಿಸಿದ. "ಮೇಲೆ ಬಂದೋರು ಆರೇ ಜನ. ಏಳನೆಯೋನು ಎಲ್ಲಿ?"

"ಅಯ್ಯೋ, ಅದು ಚಿತ್ರ ಅಷ್ಟೇ ಅಪ್ಪಾ!"

"ಚಿತ್ರ ಆದ್ರೇನು? ಅವನ ಮನೇಲಿ ಕಾಯ್ತಿರ್ತಾರಲ್ವಾ?"

ಮುದ್ದೆ ಆರುತ್ತಿತ್ತು. ಅಪ್ಪ ಹಾಳೆ ಹಿಂದೆ ಮುಂದೆ ತಿರುವುತ್ತಲೇ ಇದ್ದ. "ಮೇಷ್ಟ್ರನ್ನ ಕೇಳ್ಕೊಂಡ್ ಬಾಮ್ಮ," ಎಂದ.

ಮುನಿರತ್ನಳಿಗೆ ಖಾಲಿ ಮೊಳೆ ನೆನಪಾಯಿತು. ಸ್ಕೂಲಿನ ಖಾಲಿ ಬೆಂಚೂ ನೆನಪಾಯಿತು. ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟಳು.

ಪೆರುಮಾಳ್ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಅಳುವುದು ಮುಗಿದು ಬಿಕ್ಕು ಮಾತ್ರ ಉಳಿದಿತ್ತು. ಒಳಗೆ ಕುಪ್ಪುಸ್ವಾಮಿ ಮಂಚ ಎಳೆದು ಹುಡುಕುವ ಸದ್ದು.

"ನಾನೇ ತಗೊಂಡಿದ್ದೆ," ಎಂದಳು ಮುನಿರತ್ನ.

ಅವನು ಪುಸ್ತಕವನ್ನು ಕಿತ್ತುಕೊಂಡ. "ಯಾಕೇ?"

"ಎಲ್ರೂ ನಿನ್ ಹತ್ರಾನೇ ಬತ್ತಾರೆ."

"ಬುಕ್ ನೋಡಕ್ ಬರ್ತಾರೆ. ನನ್ನ ನೋಡಕ್ಕಾ? ನಿನ್ ಹತ್ರ ಬರೋವಾಗ ನಿನ್ ಕೈಯಾಗೆ ಏನಿತ್ತು? ಏನೂ ಇಲ್ಲ!"

ಅದು ಅವಳಿಗೆ ಹೊಳೆದೇ ಇರಲಿಲ್ಲ. ಹೊರಡುವಾಗ ಮೆಲ್ಲಗೆ, "ಏಳು ಜನ ಇಳಿದವ್ರೆ. ಒಬ್ಬ ಬಂದಿಲ್ಲ," ಎಂದಳು.

"ಏಳಾ?" ಪೆರುಮಾಳ್ ಬಿಕ್ಕುವುದನ್ನು ಮರೆತು ಎಣಿಸತೊಡಗಿದ.

ಸೋಮವಾರ ಕೊನೇ ಪೀರಿಯಡ್ಡಿನಲ್ಲಿ ಪೆರುಮಾಳ್ ಎದ್ದು ನಿಂತ. "ಸಾರ್, ಈ ಬುಕ್ಕು..."

ಮುನಿರತ್ನ ತಲೆ ತಗ್ಗಿಸಿದಳು. ಈಗ ಹೇಳಿಬಿಡ್ತಾನೆ.

"ಈ ಬುಕ್ಕಲ್ಲಿ ಏಳು ಜನ ಇಳಿದು ಆರು ಜನ ಬಂದವ್ರೆ ಸಾರ್. ಮುನಿರತ್ನ ಕಂಡುಹಿಡಿದಿದ್ದು."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಅರೆ! ನಾನೇ ನೋಡಿರಲಿಲ್ಲ. ಶಹಬ್ಬಾಸ್!"

ಇಡೀ ಕ್ಲಾಸು ಅವಳ ಕಡೆ ತಿರುಗಿತು. ಇಷ್ಟು ದಿನ ಅವಳು ಬಯಸಿದ್ದು ಇದನ್ನೇ.

"ನಾನಲ್ಲ ಸಾರ್," ಎಂದಳು. "ನಮ್ಮಪ್ಪ."

ಏಳನೆಯವನು ಬದುಕಿದ್ದಾನೆಯೇ ಎಂಬುದು ಕೊನೇ ಅಧ್ಯಾಯದಲ್ಲಿತ್ತು. ಮೇಷ್ಟ್ರು ಅದನ್ನೇ ತೆಗೆದು ಓದಿದರು. ಬದುಕಿದ್ದ. ಕೆಳಗೆ ದೀಪ ಹಿಡಿದು ನಿಂತು, ಎಲ್ಲರನ್ನೂ ಕಳಿಸಿ, ಕೊನೆಗೆ ಮೇಲೆ ಬಂದ. ಇದನ್ನು ಅಪ್ಪನಿಗೆ ಹೇಳಬೇಕು.

ಬೆಲ್ ಹೊಡೆಯಿತು. ಆ ಚಿತ್ರ ನೋಡುವ ಆಸೆಗೆ ಎಲ್ಲರೂ ಕೈ ತೊಳೆಯಲು ನಲ್ಲಿಯ ಹತ್ತಿರ ಓಡಿದರು.

"ಏಯ್ ಮುನಿರತ್ನ, ನೀನು ಹಂಗೇ ಬಾ! ಮೊದಲು ನೀನು ನೋಡು," ಎಂದು ಪೆರುಮಾಳ್ ಕರೆದ.

"ಇರ್ಲಾ, ಬತ್ತೀನಿ," ಎಂದಳು. ಲಂಗ ಎತ್ತಿಕಟ್ಟಿಕೊಂಡು ಓಡಿದಳು. ನಲ್ಲಿಯ ಮುಂದಿನ ಸಾಲಿನಲ್ಲಿ, ಅನಸೂಯಳ ಹಿಂದೆ, ಕಟ್ಟಕಡೆಗೆ ನಿಂತಳು.