ಆಮೆಯ ಒಂದು ಪ್ರಶ್ನೆ

ಬೇಸಿಗೆಯ ಬೆಳಗು. ಕಂಪನಿಯ ಅಂಗಳದಲ್ಲಿ ಮಾಲಿ ಆಗಲೇ ಹುಲ್ಲಿಗೆ ನೀರು ಬಿಡುತ್ತಿದ್ದ. ಒಳಗೆ ನೆಲ ಒರೆಸುವ ಹೆಂಗಸು ಇಂಟರ್‌ವ್ಯೂಗೆ ಬಂದವರ ಕಾಲುಗಳನ್ನು ಒಬ್ಬೊಬ್ಬರದಾಗಿ ಎತ್ತಿಸುತ್ತ ಸಾಗಿದ್ದಳು. ಬಿತ್ತನೆ ಮುಗಿಸಿ ಮೊಳಕೆಗೆ ಕಾದವರ ಹಾಗೆ ಎಲ್ಲರ ಕಣ್ಣೂ ಗಾಜಿನ ಬಾಗಿಲ ಮೇಲೆ.

ಅವರ ನಡುವೆ ಕೂತಿದ್ದ ಒಬ್ಬ ಹುಡುಗಿಯದು ಮಾತ್ರ ಕಣ್ಣಲ್ಲ, ಕಿವಿ ಕಾಯುತ್ತಿತ್ತು. ತಿಂಗಳುಗಟ್ಟಲೆ ಫೋನಿನಲ್ಲಿ ತನ್ನ ಜೊತೆ ಇಂಟರ್‌ವ್ಯೂ ಅಭ್ಯಾಸ ಮಾಡಿದವನೂ ಇವತ್ತು ಇಲ್ಲಿಗೇ ಬರುವವನಿದ್ದ. ಒಂದು ದಿನ ಅವಳು ಪ್ರಶ್ನೆ ಕೇಳುವುದು, ಅವನು ಕೋಡ್ ಬರೆಯುವುದು, ಮರುದಿನ ಅದಲುಬದಲು. ಇಬ್ಬರೂ ಒಮ್ಮೆಯೂ ಕ್ಯಾಮೆರಾ ಹಾಕಿದವರಲ್ಲ. ಅವನು ನಿಧಾನಿ, ಅದಕ್ಕೆ ಆಮೆ. ಇವಳ ಬಾಯಿ ನಿಲ್ಲುವುದಿಲ್ಲ, ಅದಕ್ಕೆ ಗುಬ್ಬಿ.

ಅಭ್ಯಾಸದ ಕೊನೆಗೆ, ದೊಡ್ಡ ಕಂಪನಿಯವರ ಗತ್ತಿನಲ್ಲೇ ಅವಳು ಕೇಳುತ್ತಿದ್ದಳು: "ನಮ್ಮನ್ನ ಕೇಳೋದೇನಾದ್ರೂ ಇದೆಯಾ?"

"ಒಂದಿದೆ. ಇವತ್ತು ಬೇಡ," ಎನ್ನುತ್ತಿದ್ದ ಅವನು.

ಇನ್ನು ಅಭ್ಯಾಸವಿಲ್ಲ. ಕೆಲಸ ಸಿಕ್ಕರೂ ಸಿಗದಿದ್ದರೂ ನಾಳೆ ಫೋನ್ ಮಾಡಲು ನೆಪವಿಲ್ಲ. ಅದು ನೆನಪಾದಾಗಲೆಲ್ಲ ಅವಳು ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು.

"ಟೀನಾ, ಕಾಫೀನಾ?" ಯಂತ್ರದ ಬಳಿಯಿದ್ದವನು ಯಾರನ್ನೋ ಕೇಳಿದ.

"ಒಂದ್ನಿಮಿಷ, ಯೋಚಿಸಿ ಹೇಳ್ತೀನಿ."

ಅವಳು ಥಟ್ಟನೆ ಅತ್ತ ತಿರುಗಿದಳು. ಇಸ್ತ್ರಿಯ ಗೆರೆ ಇನ್ನೂ ಮುರಿಯದ ನೀಲಿ ಅಂಗಿ. ಅದರೊಳಗೆ ಅವಳಿಗೆ ಚೆನ್ನಾಗಿ ಗೊತ್ತಿದ್ದ ದನಿ.

"ಆಮೆ, ಹಿಂದೆ ಜನ ನಿಂತಿದಾರೆ ಕಣೋ!"

ಅವನು ತಿರುಗಿದ. ನೋಡಿದ. ನೋಡುತ್ತಲೇ ಇದ್ದ.

"ಏನೋ ಹಾಗೆ ನೋಡ್ತೀಯ?"

"ದನಿಗೆ ಮುಖ ಜೋಡಿಸ್ತಿದ್ದೀನಿ. ಸ್ವಲ್ಪ ಟೈಮ್ ಕೊಡು."

ಟೈಮ್ ಸಿಗಲಿಲ್ಲ. ಇಬ್ಬರನ್ನೂ ಬೇರೆಬೇರೆ ಕೋಣೆಗೆ ಕರೆದರು.

ಅವಳ ಎದುರು ಕೂತಿದ್ದವರು ನರೆಗೂದಲಿನವರು, ಮಾತೇ ಆಡದವರು. ಅವಳು ಜೋರಾಗಿ ಯೋಚಿಸುತ್ತ ಬೋರ್ಡಿನ ಮೇಲೆ ಬರೆಯುತ್ತ ಹೋದಳು. ಒಂದೆಡೆ ಸಿಕ್ಕಿಕೊಂಡಾಗ ದಿನದ ರೂಢಿಯಂತೆ ಬಾಯಿ ಜಾರಿತು: "ಆಮೆ, ಸುಮ್ನಿದ್ದೀಯಲ್ಲ, ತಪ್ಪಾಯ್ತಾ?"

ಅವರು ಕನ್ನಡಕ ತೆಗೆದರು. "ಆಮೆ ಅಂದ್ರೆ ನಾನೇನಮ್ಮಾ?"

"ಅಯ್ಯೋ, ಅಲ್ಲ ಸರ್! ಅವನು... ಬೇರೆ."

"ಇರ್ಲಿ. ಅವನಿಗೆ ಹೇಳೋ ಹಾಗೇ ನನಗೂ ಹೇಳಿ. ಚೆನ್ನಾಗಿ ಹೇಳ್ತಿದ್ರಿ."

ಹೊರಗೆ ಬಂದಾಗ ಅವನು ಸೋಫಾದ ತುದಿಯಲ್ಲಿದ್ದ. ಅಂಗಿಯ ಮೇಲಿನ ವಿಸಿಟರ್ ಚೀಟಿ ಕಿತ್ತಾಗಿತ್ತು.

"ನಂದು ಮುಗೀತು. ಟೈಮ್ ಸಾಲಲಿಲ್ಲ, ಹೋಗಿ ಬನ್ನಿ ಅಂದ್ರು. ನಿಂದು?"

"ಅವರನ್ನ ಆಮೆ ಅಂದ್ಬಿಟ್ಟೆ ಕಣೋ."

ಅವನು ಬಿದ್ದು ಬಿದ್ದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಅಲ್ಲೂ ನಾನು ನೆನಪಾದ್ನಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. "ಮುಂದಿನ ರೌಂಡಿಗೆ ಬನ್ನಿ ಮೇಡಂ. ಫೋನ್ ಒಳಗೆ ತರೋ ಹಾಗಿಲ್ಲ."

ಅವನು ಎದ್ದು ಚೀಲ ಭುಜಕ್ಕೇರಿಸಿದ. ಅವಳ ಕಾಲು ಕೀಳಲಿಲ್ಲ.

"ಕೊನೇದಾಗಿ," ಎಂದಳು. ತಮಾಷೆಯ ದನಿ ಬರಲಿಲ್ಲ. "ನಮ್ಮನ್ನ ಕೇಳೋದೇನಾದ್ರೂ ಇದೆಯಾ?"

ಈ ಸಲ ಅವನು ನಿಮಿಷ ಕೇಳಲಿಲ್ಲ. "ಇದೆ. ನಾಳೆಯಿಂದಲೂ ಫೋನ್ ಮಾಡ್ಲಾ? ಅಭ್ಯಾಸಕ್ಕಲ್ಲ. ನಿನ್ನ ಮಾತು ಕೇಳದೆ ನನಗೆ ದಿನ ಮುಗಿಯಲ್ಲ ಗುಬ್ಬಿ."

"ಮೇಡಂ, ಬನ್ನಿ."

ಅವಳು ತನ್ನ ಫೋನನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಇದು ನಿನ್ನ ಹತ್ರ ಇದ್ರೆ ಯಾರಿಗೆ ಮಾಡ್ತೀಯ? ನನ್ನ ಉತ್ತರ ಬಾಕಿ. ನಾನು ಬರೋವರೆಗೂ ಕೂತಿರು."

ಬಾಗಿಲು ಮುಚ್ಚುವಾಗ ತಿರುಗಿ ನೋಡಿದಳು. ಆಮೆ ಭುಜದ ಚೀಲ ಇಳಿಸಿ ಕೆಳಗಿಡುತ್ತಿದ್ದ, ನಿಧಾನವಾಗಿ.