ಸುಬ್ಬರಾಯಪ್ಪನವರ ಲಂಡನ್ ಸ್ಪೀಕರ್

"ಅಯ್ಯೋ, ಮುಖ ಕೆಳಗೆ ಹಾಕ್ಬೇಡ್ರೀ!"

ಆ ಕೂಗಿಗೆ ಆದಿಲಕ್ಷ್ಮಿ ಬೆಚ್ಚಿಬಿದ್ದಳು. ಜಟಕಾದಿಂದ ಇಳಿಸುತ್ತಿದ್ದ ಸ್ಪೀಕರ್ ಪೆಟ್ಟಿಗೆ ಕೈಯಿಂದ ಜಾರಿಯೇಬಿಟ್ಟಿತು. ಅದು ನೆಲಕ್ಕೆ ಬೀಳುವ ಮೊದಲೇ ಅಂಗಡಿಯೊಳಗಿಂದ ಓಡಿಬಂದವನೊಬ್ಬ ಅದನ್ನು ಎದೆಗೆ ಅವಚಿಕೊಂಡ. ಅವಳ ಬೆರಳುಗಳು ಅವನ ಅಂಗೈ ಕೆಳಗೆ ಸಿಕ್ಕಿಕೊಂಡವು.

ಅವಳು ಬೆರಳು ಎಳೆದುಕೊಳ್ಳಲು ನೋಡಿದಳು.

"ಕೈ... ಬಿಡ್ತೀರಾ?"

"ಬಿಟ್ರೆ ಪೆಟ್ಟಿಗೆ ಬೀಳುತ್ತೆ. ನೀವೇ ಮೆಲ್ಲಗೆ ಎಳ್ಕೊಳ್ಳಿ."

ಜಟಕಾದವನು ಕಿಸಕ್ಕನೆ ನಕ್ಕ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಮುನಿಶಾಮಮ್ಮನೂ ನಕ್ಕಳು. ಆದಿಲಕ್ಷ್ಮಿಯ ಮುಖ ಕೆಂಪಾಯಿತು. ಛೇ, ಎಲ್ಲರ ಎದುರಿಗೆ!

"ರಿಪೇರಿ ಆಗುತ್ತಾ, ಇಲ್ಲ ಹೊಸದೇ ತಗೋಬೇಕಾ? ಅಷ್ಟು ಹೇಳಿ ಸಾಕು," ಅಂದಳು ಬಿಗಿಯಾಗಿ.

ಅವನು ಪೆಟ್ಟಿಗೆಯ ಮೇಲಿನ ತೇಗದ ಹಲಗೆಯನ್ನು ಅಂಗೈಯಿಂದ ಸವರಿದ. "ಇದು ಲಂಡನ್ ಮಾಲು. ಇಂಥದ್ದನ್ನ ಕಣ್ಣಾರೆ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ... ಮೂರು ದಿನ ಕೊಡ್ತೀರಾ ಮೇಡಂ?"

ಅವನೇ ಕದಿರೇಶ. ಮುಳಬಾಗಿಲಿನವನು. ಕೋಲಾರದ ಕ್ಲಾಕ್ ಟವರ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ತೆರೆದು ಆಗ, ಅಂದರೆ ಎಪ್ಪತ್ತೆಂಟರಲ್ಲಿ, ಎರಡು ವರ್ಷವಾಗಿತ್ತು.

ಆದಿಲಕ್ಷ್ಮಿ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ಟೈಪಿಸ್ಟ್. ಅವಳ ಅಪ್ಪ ಸುಬ್ಬರಾಯಪ್ಪ ಚಿನ್ನದ ಗಣಿಯ ಕಂಪ್ರೆಸರ್ ಮನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಗಣಿಯ ಇಂಗ್ಲಿಷ್ ದೊರೆಯೊಬ್ಬ ಊರಿಗೆ ಹೊರಟಾಗ ಬಂಗಲೆಯ ಸಾಮಾನು ಹರಾಜು ಹಾಕಿದ್ದ. ಉಳಿದವರೆಲ್ಲ ಕುರ್ಚಿ, ಮಂಚ, ಕನ್ನಡಿ ಕೊಂಡರೆ ಸುಬ್ಬರಾಯಪ್ಪ ಕೊಂಡದ್ದು ಸೊಂಟದೆತ್ತರದ ಎರಡು ಸ್ಪೀಕರ್, ಒಂದು ಆಂಪ್ಲಿಫಯರ್, ಒಂದು ರೆಕಾರ್ಡ್ ಪ್ಲೇಯರ್. ಪ್ರತಿ ಭಾನುವಾರ ಬೀದಿಯವರು ಅವರ ಪಡಸಾಲೆಯಲ್ಲಿ ಸೇರಿ ಸಂಗೀತ ಕೇಳುತ್ತಿದ್ದರು. "ಸುಬ್ಬರಾಯಪ್ಪನವರ ಕಿವಿ ಅಂದ್ರೆ ಕಿವಿ!" ಎಂದು ಊರಿನ ಭಜನೆಯವರೇ ಬಂದು ಶ್ರುತಿ ಸರಿಯಿದೆಯಾ ಎಂದು ಕೇಳುತ್ತಿದ್ದರು.

ಈಗ ಎಡಗಡೆಯ ಸ್ಪೀಕರ್ ಗರಗರ ಅನ್ನತೊಡಗಿ ಭಾನುವಾರದ ಕೂಟವೂ ನಿಂತಿತ್ತು.

ಮೂರನೆಯ ದಿನ ಹೋದಾಗ ಕದಿರೇಶ ಒಳಗಿನ, ದನಿ ಹೊರಡಿಸುವ ಕಾಗದದ ಕೋನ್ ಬಿಚ್ಚಿ ತೋರಿಸಿದ. "ಕಾಗದ ಚೆನ್ನಾಗಿದೆ. ಸುತ್ತಲಿನ ಬಟ್ಟೆ ಅಂಚು ಮಾತ್ರ ಪುಡಿಯಾಗಿದೆ. ತೆಳ್ಳಗಿನ ರೇಷ್ಮೆ ಸಿಕ್ಕಿದ್ರೆ ನಾನೇ ಹೊಸ ಅಂಚು ಕೂರಿಸ್ತೀನಿ. ಬದಲಾಯಿಸೋಕೆ ಹೋಗ್ಬೇಡಿ ಮೇಡಂ. ಇದರ ದನಿ ಹೊಸದಕ್ಕೆ ಬರಲ್ಲ."

"ರೇಷ್ಮೆ ನಾನು ತಂದ್ಕೊಡ್ತೀನಿ," ಅಂದಳು ಆದಿಲಕ್ಷ್ಮಿ.

ತಂದುಕೊಟ್ಟಳು. ಅವನು ಅಂಚನ್ನು ಕತ್ತರಿಸುವಾಗ ಬಟ್ಟೆ ಎಳೆದು ಹಿಡಿದುಕೊಂಡಳು. ಸ್ಪೀಕರ್ ಮನೆಗೆ ಬಂತು. ಗರಗರ ಪೂರ್ತಿ ನಿಂತಿತ್ತು!

ಆದರೆ ಅಪ್ಪನ ಮುಖ ಮಾತ್ರ ಅರಳಲಿಲ್ಲ. "ಮೇಲಿನ ಸ್ವರಾನೇ ಇಲ್ವಲ್ಲಮ್ಮಾ. ತಾಳ, ಗೆಜ್ಜೆ ಎಲ್ಲಾ ಎಲ್ಲಿ ಹೋದ್ವು?"

ಅದನ್ನು ನೋಡಲು ಕದಿರೇಶ ಭಾನುವಾರ ಮನೆಗೆ ಬಂದ. ಮುಂದಿನ ಭಾನುವಾರವೂ ಬಂದ. ಅಮ್ಮ ರಾಮಲಕ್ಷ್ಮಮ್ಮ ಅವನಿಗೆಂದೇ ಬೇರೆ ಲೋಟದಲ್ಲಿ ಗಟ್ಟಿ ಕಾಫಿ ಮಾಡಿದರು. ಆದಿಲಕ್ಷ್ಮಿ ತಟ್ಟೆ ಹಿಡಿದು ಬರುವಾಗ ಅವನು ತಂತಿ ಕೈಯಲ್ಲೇ ಹಿಡಿದು ಏಳುತ್ತಿದ್ದ.

ಇವನು ಹೋದ ಮೇಲೆ ಪಡಸಾಲೆ ಯಾಕೆ ಖಾಲಿ ಅನ್ನಿಸುತ್ತೆ? ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳುವಂತಿರಲಿಲ್ಲ. ಮಾಲೂರಿನಿಂದ ಅವಳಿಗೊಂದು ಸಂಬಂಧ ಬಂದಿತ್ತು, ಗಂಡಿನ ಕಡೆಯವರು ಒಪ್ಪುವ ಹಾಗೇ ಇದ್ದರು.

ಮೂರನೆಯ ಭಾನುವಾರ ಅವಳು ಅಮ್ಮನ ಜೊತೆ ಹೋಳೂರಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಆ ದಿನ ಏನಾಯಿತೋ... ಕದಿರೇಶ ಆಮೇಲೆ ಮನೆ ಕಡೆ ಸುಳಿಯಲೇ ಇಲ್ಲ!

ಅವಳೇ ಅಂಗಡಿಗೆ ಹೋದಳು. ಅವನು ತಲೆ ಎತ್ತದೆ, "ಹಳೇ ಮಾಲು ಮೇಡಂ. ಇಷ್ಟೇ ಆಗೋದು," ಅಂದ.

"ಬದಲಾಯಿಸ್ಬೇಡಿ ಅಂದೋರು ನೀವೇ ಅಲ್ವಾ?"

"ಹೇಳಿದ್ದೆ... ತಪ್ಪಾಯ್ತು."

ಆಗಲೇ ಅವಳ ಕಣ್ಣು ಅವನ ಮೇಜಿನ ಮೇಲೆ ಬಿತ್ತು. ಅಂಗೈ ಅಗಲದ ಒಂದು ಪುಟ್ಟ ಸ್ಪೀಕರ್. ಹಿಂದೆ ಅದೇ ಇಂಗ್ಲಿಷ್ ಅಕ್ಷರ, ಅದೇ ಕಂಪನಿ. ಅಪ್ಪನ ಪೆಟ್ಟಿಗೆಯೊಳಗೆ ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್ ಇಂಥದ್ದೇ ಎಂದು ಅವನೇ ಒಮ್ಮೆ ತೋರಿಸಿದ್ದ.

ಅವಳು ಅದನ್ನು ಕೈಗೆತ್ತಿಕೊಂಡಳು.

"ಇದು ನಮ್ಮದು!"

"ಅಲ್ಲ ಮೇಡಂ, ಇದು..."

"ಒಳಗಿಂದು ಬಿಚ್ಕೊಂಡು ಬೇರೆ ಏನೋ ಕೂರಿಸಿದ್ದೀರಿ! ಅದಕ್ಕೇ ಅಪ್ಪನಿಗೆ ಮೇಲಿನ ಸ್ವರ ಕೇಳ್ತಿಲ್ಲ. ನಮ್ಮನೇಲಿ ಕೂತು ಕಾಫಿ ಕುಡಿದು, ನಮ್ಮಪ್ಪನ ಹತ್ರಾನೇ ಕದಿಯೋಕೆ ನಾಚ್ಕೆ ಆಗ್ಲಿಲ್ವಾ ನಿಮಗೆ?"

ಬೀದಿಯಲ್ಲಿ ಜನ ನಿಂತರು. ಮುನಿಶಾಮಮ್ಮನ ಕೈಯಲ್ಲಿ ಹೂ ಹಾಗೇ ಉಳಿಯಿತು. ಗಿರಾಕಿಯೊಬ್ಬ ಮೆಲ್ಲಗೆ ತನ್ನ ರೇಡಿಯೋ ಎತ್ತಿಕೊಂಡು ಹೊರಟ.

ಕದಿರೇಶ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ.

"ನಾನು ಕದ್ದಿಲ್ಲ ರೀ," ಅಂದ. ಅಷ್ಟೇ.

ಆ ಸಂಜೆ ಅವಳು ನಡೆದದ್ದನ್ನೆಲ್ಲ ಹೇಳಿದಾಗ ಅಪ್ಪನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. ಊಟ ಬಿಟ್ಟು ಎದ್ದು ಕೈ ತೊಳೆದುಕೊಂಡರು.

ಪಾಪ, ಸ್ಪೀಕರ್ ಹಾಳಾಯಿತು ಎಂದು ನೊಂದುಕೊಂಡಿದ್ದಾರೆ... ಎಂದುಕೊಂಡಳು ಆದಿಲಕ್ಷ್ಮಿ. ಕಚೇರಿಯವರೊಬ್ಬರ ಮೂಲಕ ಬೆಂಗಳೂರಿನ ಅಂಗಡಿಯಿಂದ ಹೊಸ ಸ್ಪೀಕರ್ ಜೋಡಿ ತರಿಸಿದಳು. ವಾರ ಇಟ್ಟು ನೋಡಿ, ಬೇಡವಾದರೆ ಹಿಂದಿರುಗಿಸಬಹುದು ಎಂದಿದ್ದರು.

ಭಾನುವಾರ ಬೆಳಿಗ್ಗೆ ಹೊಸ ಸ್ಪೀಕರಿಗೆ ತಂತಿ ಸಿಕ್ಕಿಸಿ, ಅಪ್ಪನಿಗೆ ಇಷ್ಟವಾದ ರೆಕಾರ್ಡ್ ಹಾಕಿದಳು.

"ಅಬ್ಬಾ, ಗೆಜ್ಜೆ ಎಷ್ಟು ಚೆನ್ನಾಗಿ ಕೇಳ್ತಿದೆ!" ಅಂದರು ಅಮ್ಮ ಅಡುಗೆಮನೆಯಿಂದಲೇ.

ಅಪ್ಪ ಸ್ಪೀಕರಿನ ಪಕ್ಕದಲ್ಲೇ ಕೂತಿದ್ದರು. ಕತ್ತು ಮುಂದೆ ಚಾಚಿದರು. ಇನ್ನೂ ಚಾಚಿದರು.

"ಎಲ್ಲಿ? ಇದೂ... ಹಾಗೇ ಇದೆಯಲ್ಲಮ್ಮಾ."

ಆದಿಲಕ್ಷ್ಮಿಗೆ ಅರ್ಥವಾಗಲಿಲ್ಲ. ಅಡುಗೆಮನೆಗೆ ಕೇಳಿದ ಗೆಜ್ಜೆ, ಪಕ್ಕದಲ್ಲಿ ಕೂತ ಅಪ್ಪನಿಗೆ ಕೇಳಲಿಲ್ಲವೇ? ತಂತಿ ಕಿತ್ತು ಹಳೆಯ ಲಂಡನ್ ಸ್ಪೀಕರಿಗೆ ಸಿಕ್ಕಿಸಿದಳು. ಅದೇ ಹಾಡು. ಅವಳು ಮಂಡಿಯೂರಿ ಪೆಟ್ಟಿಗೆಗೆ ಕಿವಿಯೊಡ್ಡಿದಳು.

ತಾಳ ಇತ್ತು. ಗೆಜ್ಜೆ ಇತ್ತು. ಹೊಸದಕ್ಕಿಂತ ಇಂಪಾಗಿ, ಒಂದೊಂದು ಕಾಳೂ ಬಿಡಿಬಿಡಿಯಾಗಿ!

ಅಯ್ಯೋ ದೇವರೇ... ಇಷ್ಟು ದಿನ ನಾನು ಒಂದೇ ಒಂದು ಸಲ ಸರಿಯಾಗಿ ಕೇಳಿ ನೋಡಲಿಲ್ಲವಲ್ಲ! ಅಪ್ಪ ಇಲ್ಲ ಅಂದರು, ನಾನೂ ಇಲ್ಲ ಅಂದೆ.

ಅವಳು ತಿರುಗಿ ನೋಡಿದಳು. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು.

"ಸ್ಪೀಕರ್ ಸರಿಯಾಗೇ ಇದೆ ಮಗಾ. ಹೋಗಿರೋದು ನನ್ನ ಕಿವಿ."

"ಅಪ್ಪಾ!"

"ಕಂಪ್ರೆಸರ್ ಸದ್ದಲ್ಲಿ ಮೂವತ್ತು ವರ್ಷ... ನೀನು ಹೋಳೂರಿಗೆ ಹೋಗಿದ್ದ ಭಾನುವಾರ ಆ ಹುಡುಗ ಗಣಿ ಕ್ಲಬ್ಬಲ್ಲಿ ಬಿಸಾಡಿದ್ದ ಹಳೇ ಪೆಟ್ಟಿಗೆ ಹುಡುಕಿ, ಅದೇ ಥರದ ಪುಟ್ಟ ಸ್ಪೀಕರ್ ತಂದಿದ್ದ. ನಮ್ಮದನ್ನ ಒಂದು ಸಲ, ಅದನ್ನ ಒಂದು ಸಲ ಹಾಕಿ ತೋರಿಸ್ದ. ನನಗೆ ಎರಡೂ ಒಂದೇ. ಆಗ ಅವನಿಗೆ ಗೊತ್ತಾಯ್ತು. ನಮ್ಮದನ್ನೇ ವಾಪಸ್ ಕೂರಿಸಿ ಹೋದ."

"ನನಗ್ಯಾಕೆ ಹೇಳ್ಲಿಲ್ಲ?"

"ನಮ್ಮಮ್ಮನೂ ಕಿವುಡಿ. ಮನೆತನದಲ್ಲೇ ಇದೆ ಅಂತ ಮಾಲೂರಿನವರು ನಿನ್ನನ್ನ ಬೇಡ ಅಂದ್ಬಿಟ್ರೆ? ಮದುವೆ ಆಗೋವರೆಗೂ ಯಾರಿಗೂ ಹೇಳ್ಬೇಡಪ್ಪಾ ಅಂತ ಅವನ ಕೈಲಿ ಮಾತು ತಗೊಂಡೆ. ನೀನು ಕಳ್ಳ ಅಂದೆ. ಅವನು ಬಾಯಿ ಬಿಡ್ಲಿಲ್ಲ. ಕೇಳಿಸ್ಕೊಂಡ ಮೇಲೂ ನಾನು ಬಾಯಿ ಬಿಡ್ಲಿಲ್ಲ. ಇಬ್ಬರಲ್ಲಿ ಯಾರು ಕಳ್ಳ, ನೀನೇ ಹೇಳು!"

ಆದಿಲಕ್ಷ್ಮಿಗೆ ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೇ ಅನ್ನಿಸಿತು. ಒಂದೇ ಮಾತು ಹೇಳಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಆ ಮಾತನ್ನು ಅವನು ನುಂಗಿಕೊಂಡ... ತನಗಾಗಿ. ತಾನು ಅವನಿಗೆ ಕೊಟ್ಟದ್ದೇನು?

ಅವತ್ತೇ ಅಪ್ಪನಿಂದ ಮಾಲೂರಿಗೆ ಕಾಗದ ಬರೆಸಿದಳು. ಹೊಸ ಸ್ಪೀಕರ್ ಡಬ್ಬಕ್ಕೆ ವಾಪಸ್ ಹೋಯಿತು. "ಲಂಡನ್ನದೇ ಇರ್ಲಿ," ಅಂದರು ಸುಬ್ಬರಾಯಪ್ಪ. "ನನಗೆ ಕೇಳದಿದ್ರೂ ಬಂದೋರಿಗೆ ಕೇಳುತ್ತಲ್ಲ. ಗೆಜ್ಜೆ ಬಂದ ಕಡೆ ನೀನು ಕೈ ಎತ್ತು, ನಾನು ನೆನಪಲ್ಲೇ ಕೇಳ್ಕೊಳ್ತೀನಿ."

ಮರುದಿನ ಅವಳು ಕಚೇರಿಗೆ ರಜೆ ಹಾಕಿ ಕ್ಲಾಕ್ ಟವರ್ ಕಡೆ ಓಡಿದಳು. ಅಂಗಡಿಗೆ ಬೀಗ!

"ಯಾರ್ ಬರ್ತಾರಮ್ಮಾ ಅವನ ಹತ್ರ?" ಮುನಿಶಾಮಮ್ಮ ಮುಖ ಕೊಡದೆ ಹೂ ಕಟ್ಟುತ್ತಲೇ ಅಂದಳು. "ನೀನು ಕೂಗಾಡಿ ಹೋದ್ಮೇಲೆ ಎಲ್ರೂ ಅವರವರ ರೇಡಿಯೋ ಎತ್ಕೊಂಡ್ ಹೋದ್ರು. ಮುಳಬಾಗ್ಲಲ್ಲಿ ಭಾವನ ಅಂಗಡಿಗೆ ಹೋಗವ್ನೆ. ಮೋಟ್ರು ಸುತ್ತಕ್ಕೆ."

 ಆದಿಲಕ್ಷ್ಮಿ ಅದೇ ಜಾಗದಲ್ಲಿ, ಅಂಗಡಿಯ ಮುಂದೆ ನಿಂತಳು. ದರ್ಜಿ ಮಿಷನ್ ನಿಲ್ಲಿಸಿ ನೋಡಿದ. ಟೀ ಅಂಗಡಿಯವರು ತಿರುಗಿದರು.

"ಎಲ್ರೂ ಕೇಳ್ಸ್ಕೊಳ್ಳಿ! ಅವತ್ತು ನಾನಾಡಿದ್ದೆಲ್ಲಾ ಸುಳ್ಳು. ಕದಿರೇಶ ಏನೂ ಕದ್ದಿಲ್ಲ. ತಪ್ಪು ನಂದು!"

 ಸೆರಗಿನಿಂದ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಮುಳಬಾಗಿಲಿಗೆ ಬಸ್ ತಲುಪುವ ಹೊತ್ತಿಗೆ ಮಧ್ಯಾಹ್ನ. ಭಾವನ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿಯಲ್ಲಿ ಕದಿರೇಶ ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದ. ಕೈ ನಿಂತಿತು.

"ಮೇಡಂ? ಮನೇಲಿ ಎಲ್ಲಾ... ಹುಷಾರಾಗಿದ್ದಾರಾ?"

ಅವನು ಕೇಳಿದ ಮೊದಲ ಮಾತು ಅದು! ಅವಳಿಗೆ ಅಳು ತಡೆಯಲಾಗಲಿಲ್ಲ.

"ಅಪ್ಪ ಎಲ್ಲಾ ಹೇಳಿದ್ರು. ಯಾವ ಮುಖ ಇಟ್ಕೊಂಡು ಬಂದೆ ಅಂತ ಕೇಳಿ. ಬೈಯ್ರಿ. ಸುಮ್ನೆ ಇರ್ಬೇಡಿ, ದಮ್ಮಯ್ಯ."

"ಬೈಯೋಕೆ ಬಾಯಿ ಬರಲ್ಲ ನನಗೆ."

"ಬೀದೀಲಿ ನಿಂತು ಕಳ್ಳ ಅಂದೆ. ಇವತ್ತು ಅದೇ ಬೀದೀಲಿ ನಿಂತು ತಪ್ಪು ನಂದು ಅಂದು ಬಂದಿದ್ದೀನಿ. ಆದ್ರೂ ನಾಚ್ಕೆ ಹೋಗ್ತಿಲ್ಲ ರೀ..."

ಕದಿರೇಶ ಎದ್ದು ಮಡಕೆಯಿಂದ ಒಂದು ಲೋಟ ನೀರು ತಂದ. ಅವಳು ಕುಡಿಯುವವರೆಗೂ ಕಾದ.

"ಇನ್ನು ಮಾಲೂರಿನವರಿಗೆ ಗೊತ್ತಾದ್ರೆ..." ಅಂದ ಕಳವಳದಿಂದ.

"ಅಪ್ಪ ಕಾಗದ ಬರೆದಾಯ್ತು. ಕಿವಿ ವಿಷಯ ಇದ್ದದ್ದು ಇದ್ದ ಹಾಗೆ. ಕೊನೇಲಿ, ನಮ್ಮ ಹುಡುಗಿಗೆ ಈ ಸಂಬಂಧ ಒಪ್ಪಿಗೆ ಇಲ್ಲ ಅಂತಾನೂ ಬರೆಸ್ದೆ."

ಅವನು ತಲೆ ತಗ್ಗಿಸಿದ.

"ಹಾಗಾದ್ರೆ ನಾನೂ ಒಂದು ಹೇಳ್ಬೇಕು. ನಾಚ್ಕೆ ಪಡಬೇಕಾದವನು ನಾನೂ. ಆ ಮದುವೆ ನಡೀಲಿ ಅಂತ ನಿಮ್ಮಪ್ಪಂಗೆ ಮಾತು ಕೊಟ್ಟೆ. ಮನಸ್ಸಲ್ಲಿ ಮಾತ್ರ ದಿನಾ ಕೇಳ್ಕೊಳ್ತಿದ್ದೆ... ಮುರಿದು ಬೀಳ್ಲಿ ದೇವ್ರೇ ಅಂತ."

ಆದಿಲಕ್ಷ್ಮಿ ಕಣ್ಣೀರಿನ ನಡುವೆಯೇ ಅವನನ್ನು ನೋಡಿದಳು. ಅವನ ಕಿವಿ ತುದಿಯವರೆಗೂ ಕೆಂಪಾಗಿತ್ತು.

"ನೀವು ಬರೀ ಕ್ಷಮೆ ಕೇಳೋಕೆ ಬಂದ್ರಾ?" ಅವನು ಮೆಲ್ಲಗೆ ಕೇಳಿದ.

"ಅಷ್ಟೇ ಆಗಿದ್ರೆ ಒಂದು ಕಾರ್ಡು ಬರೀತಿದ್ದೆ."

 ಕದಿರೇಶನ ಮುಖದಲ್ಲಿ ನಿಧಾನವಾಗಿ ನಗು ಹರಡಿತು.

"ಹಾಗಾದ್ರೆ ಈ ಭಾನುವಾರ ಅಕ್ಕನ್ನ, ಭಾವನ್ನ ಕರ್ಕೊಂಡು ಬಂದು... ನಿಮ್ಮಪ್ಪನ್ನ ಕೇಳ್ಲಾ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಕೇಳಿ. ಆದ್ರೆ ಜೋರಾಗಿ ಕೇಳಿ... ಅಪ್ಪನಿಗೆ ಕೇಳಿಸ್ಬೇಕು."