ಬಾಲ್ಕನಿ ಸಾಹೇಬರ ಎರಡು ಸೂರ್ಯ

ಹಾರ ಹಾರಿಹೋಗಿತ್ತು.

ಖಾಲಿ ಪೆಟ್ಟಿಗೆ ಮೇಜಿನ ಮೇಲೆ ಬಾಯಿ ತೆರಕೊಂಡು ಕೂತಿತ್ತು. ಅದರ ಪಕ್ಕದಲ್ಲಿ, ಅದಕ್ಕಿಂತ ದೊಡ್ಡ ಬಾಯಿ ತೆರಕೊಂಡು ನಿಂತಿದ್ದವರು ಬಾಲ್ಕನಿ ಸಾಹೇಬರು.

"ಕಳ್ಳಿ! ಕಣ್ಣಾರೆ ಕಂಡೆ! ನನ್ನ ಬಾಲ್ಕನಿಯಿಂದಲೇ ಸಮುದ್ರಕ್ಕೆ ಎಸೆದಳು!"

ಪ್ರವಾಸಿ ಹಡಗಿನ ಏಳನೇ ಅಂತಸ್ತಿನಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಓಡಿ ಬಂದವಳು ದಿಂಬಮ್ಮ. ಹಡಗಿನ ಕೋಣೆ ಚೊಕ್ಕಟ ಮಾಡುವವರಿಗೆಲ್ಲ ಮೇಲ್ವಿಚಾರಕಿ. ಇಪ್ಪತ್ತೆರಡು ವರ್ಷ ಕಂಡವರ ದಿಂಬು ತಟ್ಟಿ ತಟ್ಟಿ ಬಂದ ಹೆಸರದು. ಮುಖ ಸುಳ್ಳು ಹೇಳುತ್ತೆ, ಕೋಣೆ ಹೇಳಲ್ಲ ಅನ್ನೋದು ಅವಳ ನಂಬಿಕೆ.

ಸಾಹೇಬರನ್ನ ಕಂಡರೆ ಅವಳಿಗೆ ಮೊದಲ ದಿನವೇ ವಾಕರಿಕೆ. ಅಲೆಗಳದ್ದೇನೂ ತಪ್ಪಿಲ್ಲ. ಈ ಮಹಾನುಭಾವರು ಕ್ಯಾಬಿನ್ ಆರಿಸೋಕೆ ಆರು ತಿಂಗಳು ತಗೊಂಡಿದ್ದರಂತೆ. ಹೆಂಡತಿಯನ್ನ ಆರಿಸೋಕೆ ಆರು ನಿಮಿಷ. ಆಕೆ ಬಿಟ್ಟುಹೋಗೋಕೆ ಮೂರೇ. "ಬಾಲ್ಕನಿ ಇಲ್ಲದ ಕ್ಯಾಬಿನ್ ಅಂದ್ರೆ ತೇಲೋ ಗೋದಾಮು ಕಣ್ರೀ" ಅಂತ ಊಟದ ಹಾಲಿನಲ್ಲಿ ಸಿಕ್ಕಸಿಕ್ಕವರಿಗೆ ಪ್ರವಚನ. ಕುತ್ತಿಗೆಯಲ್ಲಿ ಸದಾ ದುರ್ಬೀನಿನ ಚರ್ಮದ ಚೀಲ.

ಒಡಹುಟ್ಟಿದ ಅಕ್ಕನಿಗೆ ಮಾತ್ರ ಆ ಗೋದಾಮನ್ನೇ ಕೊಡಿಸಿದ್ದರು. ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಗೂಡು. "ನಿಂಗೆ ಸಮುದ್ರ ನೋಡಿದ್ರೆ ತಲೆ ಸುತ್ತುತ್ತೆ ಅಕ್ಕಾ. ಕಿಟಕಿ ಇಲ್ಲದಿದ್ರೆ ಸುತ್ತಲ್ಲ." ಅಕ್ಕ ಸಮುದ್ರ ನೋಡಲು ಹೊರಟಿದ್ದೇ ಇದೇ ಮೊದಲು.

ಹಾರ ಆ ಅಕ್ಕನದು. ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡವಳಿಗೆ ತಾಯಿ ಕೈಯಾರೆ ಕೊಟ್ಟದ್ದು. "ನಿನ್ನ ಗೂಡಲ್ಲಿ ಭದ್ರ ಇಲ್ಲ" ಅಂತ ಸಾಹೇಬರು ತಮ್ಮ ಕೋಣೆಯ ತಿಜೋರಿಯಲ್ಲಿ ಇಟ್ಟುಕೊಂಡಿದ್ದರು. ಇವತ್ತು ಮಧ್ಯಾಹ್ನ ಕ್ಯಾಪ್ಟನ್ ಜೊತೆ ಊಟ. ಅಕ್ಕ ಹಾಕಿಕೊಳ್ಳಲಿ ಅಂತ ಬೆಳಿಗ್ಗೆ ಹೊರಗೆ ತೆಗೆದಿಟ್ಟರಂತೆ. ತಿಂಡಿ ತಿಂದು ಬರೋಷ್ಟರಲ್ಲಿ ಹೀಗಾಯ್ತಂತೆ.

ಕಳ್ಳಿ ಅನ್ನಿಸಿಕೊಂಡವಳು ಗುಬ್ಬಿ. ಆ ಕೋಣೆ ಗುಡಿಸಿ ಒರೆಸೋ ಹೆಂಗಸು. ಒಂಬತ್ತು ವರ್ಷದ ನೌಕರಿ, ಊರಲ್ಲಿ ಇಬ್ಬರು ಮಕ್ಕಳು.

"ಅಮ್ಮಾ, ನಾ ಬಾಲ್ಕನಿಗೆ ಕಾಲೇ ಇಟ್ಟಿಲ್ಲ. ಹಾಸಿಗೇನೇ ಮುಗಿದಿರಲಿಲ್ಲ."

"ಸುಳ್ಳು! ನಾ ಬಾಗಿಲು ತೆಗೆದಾಗ ರೇಲಿಂಗ್ ಹಿಡ್ಕೊಂಡು ಬಗ್ಗಿದ್ದಳು. ಫಳ್ ಅಂತು, ಗುಳುಂ ಅಂತು. ಅಷ್ಟೇ!"

ಗದ್ದಲ ಕೇಳಿ ಬಂದಿದ್ದ ಹಡಗಿನ ಭದ್ರತಾ ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡ. ಸುಲಭದ ತೀರ್ಮಾನ ಅಂದರೆ ಅವನಿಗೆ ಪಂಚಪ್ರಾಣ.

"ನಾಲ್ಕು ಗಂಟೆಗೆ ಹಡಗು ಬಂದರು ಸೇರುತ್ತೆ. ಇವಳನ್ನ ಅಲ್ಲೇ ಇಳಿಸಿ ಪೊಲೀಸಿಗೆ ಕೊಡ್ತೀವಿ."

"ಅಲ್ಲಿವರೆಗೆ ನಂಗೆ ಸಮಯ ಕೊಡಿ ಸಾರ್," ಅಂದಳು ದಿಂಬಮ್ಮ.

"ನೀವು ದಿಂಬು ನೋಡ್ಕೊಳ್ಳಿ."

"ಅದನ್ನೇ ನೋಡ್ತಿದೀನಿ. ಅರ್ಧ ಗವಸು ತೊಟ್ಟ ದಿಂಬು ಹಾಸಿಗೆ ಮೇಲೆ ಬಿದ್ದಿದೆ."

* * *

ಅಧಿಕಾರಿಗೆ ಸಂಶಯ ಬಂತು. ಗುಬ್ಬಿ ಎಸೆದದ್ದು ಬೇರೇನೋ ಆಗಿದ್ದು, ಹಾರ ಇಲ್ಲೇ ಇದ್ದರೆ? ಅವಳ ತಳ್ಳುಗಾಡಿಯನ್ನ ತಲೆಕೆಳಗು ಮಾಡಿದ. ಧೂಳೆಳೆಯೋ ಮಿಷನ್ನಿನ ಚೀಲ ಹರಿದ.

"ಯಾಕ್ರೀ ಹುಡುಕ್ತೀರಿ? ಮುಳುಗೋಯ್ತು ಅಂದ್ನಲ್ಲ!" ಅಂತ ಸಾಹೇಬರು ಚಡಪಡಿಸಿದರು.

ಕಳಕೊಂಡವನಿಗೆ ಹುಡುಕಿದರೆ ಕೋಪ! ದಿಂಬಮ್ಮ ಅದನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ಮನಸ್ಸಿನಲ್ಲಿಟ್ಟುಕೊಂಡಳು.

ಧೂಳಿನಲ್ಲಿ ಏನೋ ಮಿಂಚಿತು. "ಸಿಕ್ತು!" ಅಂತ ಅಧಿಕಾರಿ ಎರಡು ಬೆರಳಲ್ಲಿ ಎತ್ತಿದ. ಚಾಕಲೇಟಿನ ಬೇಗಡೆ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತೆ, ಇವನಿಗೆ ಅದೂ ಇಲ್ಲ.

ಎಲ್ಲರೂ ಹೋದಮೇಲೆ ದಿಂಬಮ್ಮ ಕೋಣೆಯನ್ನ ನಿಧಾನ ನೋಡಿದಳು. ಮೇಜಿನ ಮೇಲೆ ದುರ್ಬೀನು. ಅದರ ಗಾಜಿನ ಮೇಲೆ ಅಂಗಡಿಯವನು ಅಂಟಿಸಿದ ಚೀಟಿ ಹಾಗೇ ಇದೆ. ಬಾಲ್ಕನಿಯ ಗಾಜಿನ ಬಾಗಿಲು ಸರಿಸಿದಳು. ರಾತ್ರಿಯ ಗಾಳಿಗೆ ರೇಲಿಂಗಿನುದ್ದಕ್ಕೂ ಬಿಳಿ ಉಪ್ಪು, ಹಪ್ಪಳದಷ್ಟು ತೆಳ್ಳಗೆ. ಕೈ ಮುಟ್ಟಿಸದೆ ಕತ್ತು ಚಾಚಿ ಕೆಳಗೆ ನೋಡಿದಳು. ನಕ್ಕಳು.

* * *

ದಿಂಬಮ್ಮ ಹೋದಾಗ ಅಕ್ಕ ತನ್ನ ಗೂಡಿನಲ್ಲಿ ಮಂಚದ ಅಂಚಿಗೆ ಕೂತಿದ್ದಳು. ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗದ ಜಾಗ.

"ಆ ಹೆಣ್ಣುಮಗಳು ಕದ್ದಿಲ್ಲ ಅನ್ಸುತ್ತೆ ಕಣಮ್ಮ. ಆದ್ರೆ ನನ್ನ ತಮ್ಮ ಕಣ್ಣಾರೆ ಕಂಡಿದ್ದಾನಲ್ಲ."

"ನಿಮ್ಮ ತಮ್ಮ ಬಾಲ್ಕನೀಲಿ ತುಂಬಾ ಹೊತ್ತು ಇರ್ತಾರಾ?"

"ಅಯ್ಯೋ, ಅಲ್ಲೇ ವಾಸ ಅಂತಾನೆ. ದಿನಾ ಸೂರ್ಯ ಹುಟ್ಟೋ ಫೋಟೋ ಕಳಿಸ್ತಾನೆ, ನಾನೂ ನೋಡ್ಲಿ ಅಂತ." ಫೋನ್ ಮುಂದೆ ಹಿಡಿದಳು.

ದಿಂಬಮ್ಮ ನೋಡಿದಳು. ಮತ್ತೆ ನೋಡಿದಳು. "ಇದರಲ್ಲಿ ಎರಡು ಸೂರ್ಯ ಇದಾವಲ್ಲಮ್ಮ?"

"ಸಮುದ್ರದಲ್ಲಿ ಹಾಗೇ ಇರುತ್ತೇನೋ ಅಂದ್ಕೊಂಡೆ."

* * *

ಮೂರು ಗಂಟೆ. ಸಾಹೇಬರ ಕೋಣೆಯಲ್ಲಿ ಎಲ್ಲರೂ ಸೇರಿದರು. ಗುಬ್ಬಿ ಬಾಗಿಲ ಹತ್ತಿರ, ಕೈಯಲ್ಲಿ ಬಟ್ಟೆಬರೆಯ ಗಂಟು.

"ಸಾಹೇಬ್ರೇ, ಇವಳು ಬಾಲ್ಕನೀಲಿ ಎಲ್ಲಿ ನಿಂತಿದ್ದಳು, ಬಂದು ತೋರಿಸಿ," ಅಂದಳು ದಿಂಬಮ್ಮ.

"ಇಲ್ಲಿಂದಲೇ ತೋರಿಸ್ತೀನಿ."

"ಹೊರಗೆ ಬನ್ನಿ."

"ಗಾಳಿ ಇದೆ. ನಂಗೆ ನೆಗಡಿ."

"ನೆಗಡಿಯಲ್ಲ, ನಡುಕ. ಆರು ತಿಂಗಳು ಆರಿಸಿದ ಬಾಲ್ಕನಿಗೆ ನೀವು ಆರು ಸೆಕೆಂಡೂ ಕಾಲಿಟ್ಟಿಲ್ಲ. ನಿಮ್ಮ ಫೋಟೋದಲ್ಲಿರೋ ಎರಡನೇ ಸೂರ್ಯ ಗಾಜಲ್ಲಿ ಮೂಡಿದ ಈ ಮಂಚದ ದೀಪ. ಮುಚ್ಚಿದ ಗಾಜಿನ ಹಿಂದೆ ನಿಂತು ತೆಗೆದದ್ದು."

"ಅದಕ್ಕೂ ಕಳ್ಳತನಕ್ಕೂ ಏನ್ರೀ ಸಂಬಂಧ?" ಅಂದ ಅಧಿಕಾರಿ.

"ರೇಲಿಂಗ್ ನೋಡಿ ಸಾರ್. ಉಪ್ಪು ಒಂದಿಷ್ಟೂ ಕದಲಿಲ್ಲ. ಗುಬ್ಬಿ ಹಿಡ್ಕೊಂಡಿದ್ರೆ ಬೆರಳು ಮೂಡಬೇಕಿತ್ತು. ಅವಳು ದಿಂಬಿಗೆ ಗವಸು ತೊಡಿಸ್ತಿದ್ದಳು. ಬಾಲ್ಕನಿ ಒರೆಸೋದು ಕೊನೇಲಿ."

ಹಾಗಂದವಳೇ ಮಂಚದಡಿ ಇದ್ದ ಸಾಹೇಬರ ಚಪ್ಪಲಿ ಒಂದನ್ನ ಎತ್ತಿ ರೇಲಿಂಗಿನಾಚೆ ಬಿಟ್ಟಳು.

ಧಡ್!

"ಗುಳುಂ ಅನ್ನಲಿಲ್ಲವಲ್ಲ?" ಅಂದಳು ದಿಂಬಮ್ಮ. ಅಧಿಕಾರಿ ಬಗ್ಗಿ ನೋಡಿದ. ಬಾಲ್ಕನಿಗೆ ಸರಿಯಾಗಿ ಕೆಳಗೆ, ಕೋಣೆಯಷ್ಟು ಅಗಲದ ಕಿತ್ತಳೆ ಬಣ್ಣದ ಮಾಡು. ಹಡಗು ಮುಳುಗಿದರೆ ಜನರನ್ನ ಉಳಿಸೋಕೆ ತೂಗುಹಾಕಿದ ಲೈಫ್‌ಬೋಟ್. ಅದರ ನೆತ್ತಿಯ ಮೇಲೆ ಚಪ್ಪಲಿ ಆರಾಮಾಗಿ ಮಲಗಿತ್ತು.

"ಇಲ್ಲಿಂದ ಬಿದ್ದದ್ದು ಸಮುದ್ರ ಸೇರಲ್ಲ ಸಾರ್, ದೋಣಿ ಸೇರುತ್ತೆ. ಅದಕ್ಕೇ ಈ ಕ್ಯಾಬಿನ್ ಅಗ್ಗ. ಟಿಕೆಟಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಇವರು ರಿಯಾಯ್ತಿ ಓದಿದ್ರು, ಕಾರಣ ಓದಲಿಲ್ಲ. ಒಳಗಿನಿಂದ ನೋಡಿದ್ರೆ ಬರೀ ನೀರೇ ಕಾಣೋದು. ಬಗ್ಗಿ ನೋಡೋ ಎದೆ ಇರಬೇಕಲ್ಲ?"

ಸಾಹೇಬರ ಮುಖ ಉಪ್ಪಿಗಿಂತ ಬಿಳುಪಾಯಿತು.

"ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ನೀವು ಉಪ್ಪನ್ನ ಮುಟ್ಟದೇ ಸಿಕ್ಕಿಬಿದ್ರಿ. ಮುಳುಗ್ತು ಅಂದ್ರೆ ಯಾರೂ ಹುಡುಕಲ್ಲ ಅಂತ ಲೆಕ್ಕ. ಸರಿ, ದುರ್ಬೀನು ಮೇಜಿನ ಮೇಲಿದೆ. ಕುತ್ತಿಗೇಲಿರೋ ಚೀಲದಲ್ಲಿ ಏನಿದೆ?"

ಸಾಹೇಬರು ಎರಡೂ ಕೈಯಲ್ಲಿ ಚೀಲ ಅವುಚಿಕೊಂಡರು. ಅಧಿಕಾರಿಗೆ ಅಷ್ಟಾದರೂ ಅರ್ಥವಾಯಿತು. ಕಿತ್ತು ಬಿಚ್ಚಿದ. ದುರ್ಬೀನಿನ ಚೀಲದಿಂದ ಸಾಹೇಬರ ದುರ್ಬುದ್ಧಿ ಹೊರಗೆ ಬಂತು, ಫಳಫಳ ಹೊಳೆಯುತ್ತ.

"ಅದು ಮನೆತನದ ಹಾರ! ಗಂಡುಮಗನಿಗೆ ಸೇರಬೇಕಾದ್ದು! ಅಕ್ಕನಿಗ್ಯಾಕೆ?"

"ಹನ್ನೊಂದು ವರ್ಷದಲ್ಲಿ ಅಮ್ಮನ ಹಾಸಿಗೆ ಎಷ್ಟು ಸಲ ಬದಲಾಯಿಸಿದೀಯೋ?" ಅಂದಳು ಅಕ್ಕ.

ಸಾಹೇಬರು ಮಂಚದಡಿ ಉಳಿದಿದ್ದ ಒಂಟಿ ಚಪ್ಪಲಿಗೆ ಕಾಲು ತೂರಿಸಿದರು.

"ಅಷ್ಟು ಸಾಲದು ಅಂತ ಮಕ್ಕಳಿರೋ ಈ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕೋಕೆ ಹೊರಟೆ. ಥೂ!" ಅವಳು ತನ್ನ ಗೂಡಿನ ಕೀಲಿ ತಮ್ಮನ ಕೈಗೆ ತುರುಕಿದಳು. "ಬಂದರು ಬರೋವರೆಗೆ ನನ್ನ ರೂಮಲ್ಲಿ ಬಿದ್ದಿರು. ಪೊಲೀಸರು ಅಲ್ಲಿಗೇ ಬರ್ಲಿ. ಕಿಟಕಿ ಇಲ್ಲ, ತಲೆ ಸುತ್ತಲ್ಲ."

ಅಧಿಕಾರಿ ಪುಸ್ತಕದಲ್ಲಿ ಗುಬ್ಬಿಯ ಹೆಸರು ಹೊಡೆದುಹಾಕಿ ಸಾಹೇಬರನ್ನ ಕರಕೊಂಡು ಹೋದ. ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು. ಗುಬ್ಬಿ ಗಂಟು ಕೆಳಗಿಟ್ಟು ಅರ್ಧ ಉಳಿದಿದ್ದ ಗವಸನ್ನ ದಿಂಬಿಗೆ ಪೂರ್ತಿ ತೊಡಿಸಿದಳು.

ಅಕ್ಕ ಬಾಲ್ಕನಿಗೆ ಹೋದಳು. ಎರಡೂ ಕೈಯಲ್ಲಿ ರೇಲಿಂಗ್ ಹಿಡಿದು, ಬಗ್ಗಿ, ಕಣ್ಣು ತುಂಬ ಸಮುದ್ರ ನೋಡಿದಳು. ತಲೆ ಸುತ್ತಲಿಲ್ಲ.

ಗುಬ್ಬಿ ಒರೆಸೋ ಬಟ್ಟೆ ಹಿಡಿದು ಬಂದಳು. ಉಪ್ಪಿನ ಮೇಲೆ ಹತ್ತು ಬೆರಳು ಸ್ಪಷ್ಟವಾಗಿ ಮೂಡಿದ್ದವು.

"ಇವತ್ತೊಂದು ದಿನ ಒರೆಸಬೇಡ ಕಣಮ್ಮ," ಅಂದಳು ಅಕ್ಕ. "ಇರ್ಲಿ."